ಮರ್ಲ್ ಎಳೆದ ಬಿಳಿ ಗೆರೆ

"ತಿರುಗಿಸು, ಡಾರ್ಲಾ!" ಹೋಬರ್ಟ್ ಎಂಜಿನ್ ಮೇಲೆ ಬಗ್ಗಿಕೊಂಡೇ ಕೂಗಿದ.

ಡಾರ್ಲಾ ಕೀ ತಿರುಗಿಸಿದಳು. ಸ್ಟಾರ್ಟರ್ ಅರ್ಧ ಸುತ್ತು ಸುತ್ತಿ, ಯಾರೋ ಒದ್ದ ಹಾಗೆ ಗಕ್ಕನೆ ನಿಂತಿತು. ಇನ್ನೊಂದು ಸಲಕ್ಕೆ ಎಂಜಿನ್ ಹತ್ತಿಕೊಂಡು ಶೆಡ್ಡಿನ ತಗಡೆಲ್ಲ ಗಡಗಡ ಅಂದಿತು.

ಗಂಟೆ ಹತ್ತೂಕಾಲು. ಹನ್ನೊಂದಕ್ಕೆ ಅಪ್ಪನ ಶವಪೆಟ್ಟಿಗೆ ಹೊರಡಬೇಕು. ಮೊಹಾವಿ ಮರುಭೂಮಿಯ ಈ ಕಡೆಯ ರೇಸಿನವರಲ್ಲಿ ಯಾರೇ ಸತ್ತರೂ ಪೆಟ್ಟಿಗೆ ಹೋಗುವುದು ಅವರದೇ ಗಾಡಿಯಲ್ಲಿ, ಅದರದೇ ಎಂಜಿನ್ನಿನ ಬಲದಲ್ಲಿ. ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ಹೋದರೆ ಸತ್ತವನ ಮಾನ ಹೋಯಿತು ಅಂತಲೇ ಲೆಕ್ಕ. ಅಪ್ಪ ಮರ್ಲ್ ಟ್ಯಾಕೆಟ್‌ನದು ಸಾವಿರದ ಒಂಬೈನೂರ ಮೂವತ್ತೆರಡರ ಫೋರ್ಡ್ ಪಿಕಪ್, ಒಳಗೆ ಎಂಟು ಸಿಲಿಂಡರಿನ ರೇಸ್ ಎಂಜಿನ್. ಆಸ್ಪತ್ರೆ ಸೇರುವ ಮುಂಚೆ ಅವನು ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿಟ್ಟು ಹೋಗಿದ್ದ. ಅದನ್ನು ಕೂರಿಸಿ, ಕಿಡಿ ಸರಿಯಾದ ಗಳಿಗೆಗೆ ಹಾರುವ ಹಾಗೆ ಟೈಮಿಂಗ್ ಹಿಡಿಸಲು ಬೆಳಿಗ್ಗೆಯೇ ಬಂದವನು ಅವನ ಐವತ್ತು ವರ್ಷದ ಗೆಳೆಯ ಹೋಬರ್ಟ್. ಸ್ಮಶಾನದಲ್ಲಿ ಮಾತಾಡಬೇಕಾದವನೂ ಅವನೇ. ಕೋಟಿನ ಜೇಬಿನಲ್ಲಿ ಬರೆದ ಕಾಗದವಿತ್ತು.

"ನೋಡಮ್ಮ, ನಿಮ್ಮಪ್ಪನ ಗೆರೆ ಮುಳ್ಳಿಗೆ ನೇರ ಬಂತು!" ಅಂದ ಹೋಬರ್ಟ್. ಅವನ ಕೈಯ ಟೈಮಿಂಗ್ ಲೈಟು ಮಿನುಗಿದಾಗೆಲ್ಲ, ತಿರುಗುವ ಪುಲ್ಲಿಯ ಮೇಲಿನ ಬಿಳಿ ಗೆರೆ ಪಕ್ಕದ ಸೂಚಕ ಮುಳ್ಳಿನೆದುರು ನಿಂತೇ ಇದ್ದ ಹಾಗೆ ಕಾಣುತ್ತಿತ್ತು.

ಡಾರ್ಲಾ ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಅರ್ಧ ಬಿಟ್ಟು ಎಂಜಿನ್ನಿಗೆ ಹೊರೆ ಕೊಟ್ಟಳು. ಡಬ್ಬಿಯಲ್ಲಿ ಗೋಲಿ ಕುಲುಕಿದ ಹಾಗೆ ಕಟಕಟ ಸದ್ದು. ಪೆಟ್ಟಿಗೆ ಹೊತ್ತು ಸ್ಮಶಾನದ ಗುಡ್ಡ ಹತ್ತಿದರೆ ಇದು ಅರ್ಧ ದಾರಿಯಲ್ಲೇ ಪಿಸ್ಟನ್ ತೂತು ಮಾಡಿಕೊಳ್ಳುತ್ತದೆ.

ಆ ಗೆರೆ ಸುಳ್ಳು ಅಂತ ಅವಳಿಗೆ ಗೊತ್ತಿತ್ತು.

*

ಎಪ್ಪತ್ನಾಲ್ಕರಲ್ಲಿ, ಒಣಕೆರೆಯ ರೇಸಿನ ದಿನ. ಅವಳಿಗೆ ಹದಿನಾಲ್ಕು. ಅಪ್ಪ ಸಣ್ಣ ಕುಂಚ ಹಿಡಿದು ಪುಲ್ಲಿಗೆ ಬಿಳಿ ಬಳಿಯುತ್ತಿದ್ದ.

"ಅಪ್ಪಾ, ಗೆರೆ ಅಲ್ಲಲ್ವಲ್ಲ ಇರ್ಬೇಕಾದ್ದು!"

"ಬಾಯ್ಮುಚ್ಚು ಚಿನ್ನಾ. ನಂಗೆ ಕಿವಿ ಇದೆ, ಗೆರೆ ಯಾಕೆ? ಇಣುಕಿ ನೋಡೋರಿದಾರಲ್ಲ, ಅವ್ರು ಇದನ್ನೇ ಮನೆಗೆ ಹೊತ್ಕೊಂಡು ಹೋಗ್ಲಿ."

ಇಣುಕಿದವನು ಹೋಬರ್ಟ್. ಇಬ್ಬರದೂ ಒಂದೇ ಜಾತಿಯ ಎಂಜಿನ್. ಅವನು ಆ ಗೆರೆ ನಂಬಿ ಕಿಡಿಯನ್ನು ಹತ್ತು ಡಿಗ್ರಿ ಮುಂಚೆಯೇ ಹಾರುವ ಹಾಗೆ ಇಟ್ಟುಕೊಂಡ. ಮಧ್ಯಾಹ್ನ ಅವನ ಗಾಡಿ ಹೊಗೆಯಲ್ಲಿ ಮುಳುಗಿತು. ಎರಡು ಪಿಸ್ಟನ್ ತೂತು. ವಾರದೊಳಗೆ ಎಲ್ಲ ಮಾರಿ ಸಿಮೆಂಟ್ ಲಾರಿ ಓಡಿಸಲು ಹೋದ, ಮತ್ತೆ ಕೆರೆಗೆ ಇಳಿಯಲಿಲ್ಲ.

"ನಾಳೆ ಹೇಳ್ತೀನಿ ಅವ್ನಿಗೆ," ಅಂದಿದ್ದ ಅಪ್ಪ ಅವತ್ತು ರಾತ್ರಿ, ಊಟದ ತಟ್ಟೆ ಮುಟ್ಟದೆ. ಆ ನಾಳೆ ಮೂವತ್ತೈದು ವರ್ಷ ಬರಲೇ ಇಲ್ಲ. ಹೋಬರ್ಟ್ ಪ್ರತಿ ಶನಿವಾರ ಬರುವವನು. ಗೆರೆ ಅಳಿಸಿದರೆ ಯಾಕೆ ಅಂತ ಕೇಳಿಯಾನು ಅಂತ ಅಪ್ಪ ವರ್ಷ ವರ್ಷವೂ ಹೊಸ ಬಣ್ಣ ಬಳಿಯುತ್ತಿದ್ದ.

*

"ಒದೀತಿದೆ ಅಂಕಲ್. ಸ್ವಲ್ಪ ಹಿಂದಕ್ಕೆ ತಗೋಬೇಕು," ಅಂದಳು ಡಾರ್ಲಾ.

"ಹಿಂದಕ್ಕಾ? ಈ ಗೆರೆ ನಂಗೇನು ಹೊಸದಾ? ಅವತ್ತು ಕದ್ದು ನೋಡಿ ನಾನೂ ಇಟ್ಕೊಂಡಿದ್ದೆ. ಮರ್ಲ್ ಕೈಗೆ ಕೂತಿತು, ನಂಗೆ ಕೂರ್ಲಿಲ್ಲ. ನನ್ನ ಕೈಯೇ ಸರಿ ಇಲ್ಲ ಬಿಡು." ನಗುತ್ತಲೇ ಅಂದ.

ಬಾಗಿಲಲ್ಲಿ ಅವಳ ಅಮ್ಮ ಐಲೀನ್. "ಪಾದ್ರಿ ಬಂದ್ರು ಕಣೆ. ಎಲ್ಲಾರೂ ಕಾಯ್ತಿದಾರೆ. ಆಗತ್ತೋ, ಇಲ್ಲ ಟ್ರಕ್ಕಿಗೆ ಕಟ್ಟಿಸ್ಲೋ?"

"ಐದು ನಿಮಿಷ ಅಮ್ಮಾ." ಹೇಳಿದರೆ ಅಪ್ಪನ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಅಪ್ಪನ ಗಾಡಿ.

ಡಾರ್ಲಾ ಇಳಿದು ಸ್ಪ್ಯಾನರ್ ತೆಗೆದುಕೊಂಡಳು. "ಲೈಟ್ ಹಿಡ್ಕೊಂಡಿರಿ ಅಂಕಲ್." ಬೋಲ್ಟ್ ಸಡಿಲಿಸಿ, ಕಣ್ಣು ಮುಚ್ಚಿ, ಡಿಸ್ಟ್ರಿಬ್ಯೂಟರನ್ನು ಕೂದಲೆಳೆ ಕೂದಲೆಳೆಯಾಗಿ ತಿರುಗಿಸಿದಳು. ಎಂಜಿನ್ನಿನ ಒರಟು ಸದ್ದು ಇಳಿಯಿತು. ಬೋಲ್ಟ್ ಬಿಗಿದು, ಆರಿಸಿ, ಮತ್ತೆ ಕೀ ತಿರುಗಿಸಿದಳು. ಒಂದೇ ಸಲಕ್ಕೆ ಹತ್ತಿಕೊಂಡಿತು. ಹೊರೆ ಕೊಟ್ಟರೂ ಕಟಕಟ ಇಲ್ಲ.

ಹೋಬರ್ಟ್ ಲೈಟು ಹಿಡಿದೇ ಇದ್ದ. ಗೆರೆ ಮುಳ್ಳಿನಿಂದ ಹೆಬ್ಬೆರಳಗಲ ದೂರ ನಿಂತಿತ್ತು. ಅವನು ಲೈಟು ಆರಿಸಿ, ಮತ್ತೆ ಹಚ್ಚಿ ನೋಡಿದ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಹೇಳ್ತೀನಿ ಹೇಳ್ತೀನಿ ಅಂತಿದ್ರು ಅಪ್ಪ."

"ಮೂವತ್ತೈದು ವರ್ಷ ನನ್ನ ಕೈಯನ್ನೇ ಬೈಕೊಂಡಿದೀನಲ್ಲೇ!" ಅವನು ಲೈಟನ್ನು ನೆಲಕ್ಕಿಟ್ಟ. "ಎಂಜಿನ್ ಆರಿಸು."

ಮುಗಿಯಿತು, ಹೊರಟೇ ಹೋಗುತ್ತಾನೆ ಅಂದುಕೊಂಡಳು. ಪೆಟ್ಟಿಗೆ ಹೊತ್ತವರ ಹೆಜ್ಜೆ ಅಂಗಳದಲ್ಲಿ ಕೇಳುತ್ತಿತ್ತು. ಹೋಬರ್ಟ್ ಚಿಂದಿಯನ್ನು ಪೆಟ್ರೋಲಿನಲ್ಲಿ ಅದ್ದಿ, ಒಳ್ಳೆ ಪ್ಯಾಂಟಿನಲ್ಲೇ ಮಂಡಿಯೂರಿ ಗೆರೆಯನ್ನು ಗಸಗಸ ಉಜ್ಜತೊಡಗಿದ.

"ಬರೋರೆಲ್ಲ ಎಂಜಿನ್ ಬಗ್ಗಿ ನೋಡೋ ಜನ, ಇದು ಅವ್ರ ಕಣ್ಣಿಗೆ ಬೀಳ್ಬಾರ್ದು," ಅಂದ. "ಕತ್ತೆ ನನ್ಮಗ ಮರ್ಲ್. ಕತ್ತೆ ನನ್ಮಗ." ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಚಿಂದಿ ಹರಿದ ಮೇಲೆ ಹೆಬ್ಬೆರಳಿನಲ್ಲೇ ಉಜ್ಜಿದ, ಅದಕ್ಕೆಲ್ಲ ಬಿಳಿ ಬಣ್ಣ ಮೆತ್ತಿಕೊಂಡಿತು. ಜೇಬಿನ ಕಾಗದ ತೆಗೆದು ಅವಳ ಕೈಗೆ ಕೊಟ್ಟ. "ಇದನ್ನ ಬೇರೆ ಯಾರಾದ್ರೂ ಓದ್ಲಿ. ನನ್ನ ಕೈಲಾಗಲ್ಲ."

ಆದರೂ ಪೆಟ್ಟಿಗೆ ಬಂದಾಗ ಒಂದು ಮೂಲೆಗೆ ಅವನೇ ಹೆಗಲು ಕೊಟ್ಟ.

ಗುಡ್ಡದ ಏರಿನಲ್ಲಿ ಡಾರ್ಲಾ ಎರಡನೇ ಗೇರಿಗೆ ಇಳಿಸಿ ಕಿವಿಗೊಟ್ಟಳು. ಎಂಜಿನ್ ಒಂದೇ ಸಮನೆ ಎಳೆಯುತ್ತಿತ್ತು. ಹೋಬರ್ಟ್‌ನ ಕಾರು ಹಿಂದೆ ಬರುತ್ತಿದೆಯೋ ಇಲ್ಲವೋ ಅಂತ ಕನ್ನಡಿ ನೋಡಿದಳು. ದೀಪ ಹಚ್ಚಿಕೊಂಡು ಬರುತ್ತಿತ್ತು. ನಡುವೆ ಅಪ್ಪನ ಕಪ್ಪು ಪೆಟ್ಟಿಗೆ. ಅದರ ಮೂಲೆಯಲ್ಲಿ, ಹೋಬರ್ಟ್ ಹಿಡಿದಿದ್ದ ಕಡೆ, ಹೆಬ್ಬೆರಳಗಲದ ಒಂದು ಬಿಳಿ ಗೆರೆ.