ಜೊತೆತಾಯಿ

ದೇವರು ಒಬ್ಬೊಬ್ಬರಿಗೆ ಒಂದೊಂದು ಸರದಿ ಇಟ್ಟಿರುತ್ತಾನೆ ಎಂದು ನಮ್ಮ ಕಡೆಯ ಹಿರಿಯರು ಹೇಳುವುದುಂಟು. ಶಿರ್ವದ ಪೇಟೆಯವರೆಲ್ಲ ಬಾಯಮ್ಮ ಎಂದು ಕರೆಯುವ ವ್ಯಾಲೆಂಟೀನಾ ಅವರ ಸರದಿ ಬಂದದ್ದು ಫೆಲ್ಥಮ್‌ನಲ್ಲಿ, ಹೊಟ್ಟೆ ಮಾಡಿಗೆ ಉಜ್ಜೀತೋ ಎಂಬಂತೆ ವಿಮಾನಗಳು ಹಾರುವ ಊರಿನ ಮೂರನೇ ಮಹಡಿಯ ಒಂದು ಫ್ಲ್ಯಾಟಿನಲ್ಲಿ.

ಅವರ ಮನೆತನದಲ್ಲಿ ಒಂದು ಕ್ರಮವಿತ್ತು. ಇಗರ್ಜಿಯಲ್ಲಿ ಮೊದಲ ಮಗುವಿಗೆ ನೀರು ಹಾಕಿಸುವ ಜ್ಞಾನಸ್ನಾನಕ್ಕೆ ತಾಯಿಯ ತಾಯಿ ಜ್ಞಾನತಾಯಿಯಾಗಿ ನಿಲ್ಲಬೇಕು, ಎರಡನೆಯ ಮಗುವಿಗೆ ತಂದೆಯ ತಾಯಿ. ಮಗ ಲಿಯೋನ ಮೊದಲ ಕೂಸು ಎಲ್ರಾಯ್‌ನನ್ನು ಬೀಗಿತ್ತಿ ಎತ್ತಿಕೊಂಡು ನಿಂತಾಗ ಬಾಯಮ್ಮ ಹಿಂದಿನ ಬೆಂಚಿನಲ್ಲಿ ಕುಳಿತು ಕೈಮುಗಿದಿದ್ದರು. ಹೊಟ್ಟೆಕಿಚ್ಚು ಪಡಲಿಲ್ಲ. ತನ್ನ ಸರದಿಯೂ ಬಂದೀತು ಎಂದುಕೊಂಡರು, ಅಷ್ಟೆ. ಈಗ ಹೆಣ್ಣುಮಗು ಹುಟ್ಟಿದೆ ಎಂದು ಕೇಳಿದ್ದೇ ತಡ, ರೇಷ್ಮೆ ಸೀರೆಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿಕೊಂಡು ಲಂಡನ್ನಿಗೆ ಬಂದಿಳಿದರು.

ಬಂದ ವಾರದಲ್ಲೇ ಸೊಸೆ ಅನ್ನೆಟ್ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಳು.

"ಮಾಂಯ್, ನಾನೊಂದು ಕೆಲಸ ಕೆಡಿಸಿ ಇಟ್ಟಿದ್ದೇನೆ."

"ಎಂತ, ಹಾಲು ಉಕ್ಕಿತಾ?"

ಹಾಲಲ್ಲ. ಹೆರಿಗೆಯ ದಿನದ ಕತೆ. ಲಿಯೋ ವಿಮಾನ ನಿಲ್ದಾಣದಲ್ಲಿ ಶಿಫ್ಟಿನಲ್ಲಿದ್ದ, ಲಿಫ್ಟು ಕೆಟ್ಟಿತ್ತು, ನೋವು ಅವಧಿಗೆ ಮೊದಲೇ ಶುರುವಾಗಿತ್ತು. ಎದುರು ಮನೆಯ ಜೇನ್ ಅವಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಆಸ್ಪತ್ರೆಗೆ ಕರೆದೊಯ್ದಳು, ಮಗು ಹುಟ್ಟುವ ತನಕ ಕೈ ಬಿಡಲಿಲ್ಲ. ಈ ಜೇನ್ ಫಿಲಿಪ್ಪೀನ್ಸಿನ ಇಲೋಯಿಲೊ ಊರಿನವಳು, ವಿಮಾನದ ಊಟ ಕಟ್ಟುವ ಅಡಿಗೆಮನೆಯಲ್ಲಿ ಕೆಲಸ. ಮಗುವಿನ ಮುಖ ಕಂಡ ಖುಷಿಯಲ್ಲಿ ಅನ್ನೆಟ್, ನೀನೇ ಇವಳ ಜ್ಞಾನತಾಯಿ ಎಂದುಬಿಟ್ಟಳಂತೆ. ಜೇನ್ ಅಳುತ್ತಾ ಒಪ್ಪಿಕೊಂಡಳಂತೆ.

"ನಮ್ಮ ಕ್ರಮ ಅವಳಿಗೆ ಹೇಳ್ಲಿಲ್ವಾ?"

"ನೆನಪೇ ಆಗ್ಲಿಲ್ಲ ಮಾಂಯ್. ಆ ಹೊತ್ತಿಗೆ ನನ್ನ ಹೆಸರೇ ನನಗೆ ನೆನಪಿರ್ಲಿಲ್ಲ."

ಬಾಯಮ್ಮ ಒಲೆಯ ಮೇಲಿನ ಸಾರನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಕದಡಿದರು. ಅಂದು ತೇರ್ಸಿನ ಜಪಮಾಲೆ ಹಿಡಿದು ಪ್ರಾರ್ಥನೆಗೆ ಕುಳಿತರೆ ಮಣಿ ಸರಿಯುತ್ತಿತ್ತು, ಮನಸ್ಸು ಸರಿಯಲಿಲ್ಲ. ತಾಯಿ ಮರಿಯಮ್ಮನೊಡನೆಯೇ ಸಣ್ಣದೊಂದು ಜಗಳ ಕಾದರು: ನಿನ್ನ ಹಬ್ಬಕ್ಕೆ ನಾನು ಹೂ ತಪ್ಪಿಸಿದವಳಲ್ಲ, ನನ್ನ ಸರದಿಯನ್ನು ನೀನು ತಪ್ಪಿಸಬಹುದೆ?

ಮರುದಿನ ಒಂದು ಉಪಾಯ ಹೊಳೆಯಿತು. ಜೇನ್ ತಾನಾಗಿಯೇ ಹಿಂದೆ ಸರಿದರೆ ಯಾರ ಮನಸ್ಸೂ ನೋಯದು. ಬಾಯಮ್ಮ ನೀರುದೋಸೆ ಹೊಯ್ದು, ತೆಂಗಿನಕಾಯಿ ಬೆಲ್ಲದ ಚೂರ್ಣ ಕಲಸಿ, ಬಟ್ಟಲು ಮುಚ್ಚಿಕೊಂಡು ಎದುರುಬಾಗಿಲು ತಟ್ಟಿದರು. ಗುಂಡುಮುಖದ, ನಗುವಾಗ ಕಣ್ಣೇ ಕಾಣದ ಹೆಂಗಸು ಬಾಗಿಲು ತೆರೆದು, "ಬನ್ನಿ ಮಾರೆ" ಎಂದು ಒಳಗೆ ಎಳೆದುಕೊಂಡಳು.

ಇಬ್ಬರದೂ ಅರೆಬರೆ ಇಂಗ್ಲಿಷು, ಆದರೆ ಮಾತಿಗೆ ತಡೆಯಾಗಲಿಲ್ಲ. ಮಾರೆ ಎಂದರೇನು ಎಂದು ಬಾಯಮ್ಮ ಕೇಳಿದರು. ಅದು ಕುಮಾರೆ, ಬಾಯಲ್ಲಿ ಸವೆದು ಮಾರೆ ಆಗಿದೆ ಎಂದಳು ಜೇನ್. ಮಗುವಿನ ತಾಯಿಯೂ ಜ್ಞಾನತಾಯಿಯೂ ಒಬ್ಬರನ್ನೊಬ್ಬರು ಹಾಗೆ ಕರೆಯುವುದು. ನೆಚ್ಚಿನ ಗೆಳತಿಯರೂ ಕರೆದುಕೊಳ್ಳುವುದುಂಟು. ತನ್ನ ಅಮ್ಮನ ಮನೆಯಲ್ಲಂತೂ ಅಜ್ಜಿಯರನ್ನೂ ಬಿಡುವುದಿಲ್ಲ. ಒಂದು ಮಗುವಿನ ಜ್ಞಾನಸ್ನಾನದ ನೀರು ಇಡೀ ಎರಡು ಮನೆಗಳನ್ನು ಕಟ್ಟಿಹಾಕುತ್ತದೆ. ಮತ್ತೆ ದನಿ ತಗ್ಗಿಸಿ ಹೇಳಿದಳು: ಜ್ಞಾನತಾಯಿಯಾಗೆಂದು ಯಾರಾದರೂ ಕರೆದರೆ ಒಲ್ಲೆ ಎನ್ನಬಾರದು, ಹಾಗಂದರೆ ಮಗುವಿಗೆ ಒಳ್ಳೆಯದಾಗದು ಎಂದು ಅವರ ಹಿರಿಯರ ನಂಬಿಕೆ. ಅಲ್ಲಿ ಅವಳ ಅಮ್ಮ ಆಗಲೇ ಮಗುವಿಗೆ ಬಿಳಿ ಅಂಗಿ ಹೊಲಿಯಲು ಕೂತಿದ್ದಾಳೆ.

ಬಾಯಮ್ಮನ ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ಕೂತಿತು. ಖಾಲಿ ಬಟ್ಟಲು ಹಿಡಿದು ಹಿಂತಿರುಗಿದಾಗ ಅನ್ನೆಟ್ ಕಣ್ಣಲ್ಲೇ ಕೇಳಿದಳು. "ದೋಸೆ ತಿಂದಳು. ಚೂರ್ಣ ಹೆಚ್ಚು ಹಾಕಬಹುದಿತ್ತಂತೆ" ಎಂದಷ್ಟೇ ಹೇಳಿದರು.

ಶನಿವಾರ ಎಲ್ಲರೂ ಇಗರ್ಜಿಗೆ ಹೋದರು. ಜ್ಞಾನಸ್ನಾನಕ್ಕೆ ಮೊದಲು ಪಾದ್ರಿಗಳ ಮುಂದೆ ಕುಳಿತು ನಾಲ್ಕು ಮಾತು ಕೇಳಿ ಹೆಸರು ಕೊಡಬೇಕು. ಪಾದ್ರಿ ಪೋರ್ಚುಗಲ್ ದೇಶದವರು, ಮುದುಕರು, ನಗೆಗಾರರು. ಜೇನ್ ಬಾಯಮ್ಮನನ್ನು ಮಾರೆ ಎಂದು ಕರೆದು ಕುರ್ಚಿ ಎಳೆದುಕೊಟ್ಟದ್ದು ಅವರ ಕಿವಿಗೆ ಬಿತ್ತು.

"ಓ, ನಮ್ಮ ಕೊಮಾದ್ರೆ ಇಷ್ಟು ದೂರ ಹಡಗು ಹತ್ತಿ ಹೋಗಿದ್ದಾಳೆ" ಎಂದು ನಕ್ಕರು.

ಕತೆ ಹೇಳುವ ಚಪಲ ಅವರಿಗೂ ಇತ್ತು. ಹಳೆಯ ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ಜೊತೆಯ ತಾಯಿ ಎಂದೇ ಅರ್ಥವಂತೆ. ಅವರ ಹಳ್ಳಿಯಲ್ಲಿ ತಾಯಿ ಮತ್ತು ಜ್ಞಾನತಾಯಿ ಕೊಮಾದ್ರೆಯರು. ಹೊಸ್ತಿಲ ಮೇಲೆ ಕೂತು ಬೀದಿಯ ಸುದ್ದಿಯನ್ನೆಲ್ಲ ಕೇರುವವಳೂ ಕೊಮಾದ್ರೆಯೇ. ಪಕ್ಕದ ಸ್ಪೇನಿನವರು ಅದೇ ಬೇರಿನಿಂದ ಸೂಲಗಿತ್ತಿಗೂ ಹೆಸರಿಟ್ಟಿದ್ದಾರೆ. ಸ್ಪೇನಿನವರು ಹಡಗಿನಲ್ಲಿ ಒಯ್ದದ್ದನ್ನು ಫಿಲಿಪ್ಪೀನ್ಸ್ ದ್ವೀಪದ ಹೆಂಗಸರು ತಮ್ಮ ಬಾಯಿಗೆ ಒಗ್ಗಿಸಿಕೊಂಡರು.

"ಹೆರಿಗೆ ಮಾಡಿಸುವವಳು, ಚಾಡಿ ಹೇಳುವವಳು, ದೇವರ ಮುಂದೆ ನಿಲ್ಲುವವಳು, ಎಲ್ಲಾ ಒಬ್ಬಳೇ" ಎಂದು ಕೈಯಾಡಿಸಿದರು. "ಊರಲ್ಲಿ ಅವಳಿಲ್ಲದೆ ಏನು ನಡೆದೀತು? ಸರಿ, ಜ್ಞಾನತಾಯಿ ಯಾರು? ನಿಯಮದಂತೆ ಒಬ್ಬಳ ಹೆಸರು ಮಾತ್ರ ಹೇಳಬೇಕು."

ಲಿಯೋ ತನ್ನ ಬೂಟು ನೋಡಿದ. ಅನ್ನೆಟ್‌ಳ ಕಣ್ಣು ತುಂಬಿತು. ಏನೋ ಸರಿಯಿಲ್ಲವೆಂದು ಜೇನ್‌ಗೆ ಹೊಳೆಯಿತು. ಅವಳು ಒತ್ತಿ ಕೇಳಿದಾಗ ಲಿಯೋ ಮನೆತನದ ಕ್ರಮವನ್ನು ತಡವರಿಸುತ್ತಾ ಹೇಳಿದ. ಅವಳ ಗುಂಡುಮುಖ ಬಾಡಿಹೋಯಿತು. ಒಲ್ಲೆ ಎನ್ನುವಂತಿಲ್ಲ, ಹೂಂ ಎಂದರೆ ಅಜ್ಜಿಯ ಜಾಗ ಕಿತ್ತುಕೊಂಡಂತೆ. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಬಾಯಮ್ಮನನ್ನೇ ನೋಡಿದಳು.

ಬಾಯಮ್ಮನ ತೊಡೆಯ ಮೇಲೆ ಮಗು ನಿದ್ದೆಯಲ್ಲಿ ತುಟಿ ಚೀಪುತ್ತಿತ್ತು. ಆ ಮುಖವನ್ನು ನೋಡುತ್ತಾ ಅವರಿಗೆ ಇನ್ನೊಂದು ಕಂಡಿತು: ಚಳಿಗಾಲದ ಒಂದು ದಿನ, ಮಗುವಿನ ಹಣೆ ಸುಡುತ್ತಿದೆ, ಲಿಯೋ ಶಿಫ್ಟಿನಲ್ಲಿದ್ದಾನೆ, ಅನ್ನೆಟ್ ಒಬ್ಬಳೇ ಇದ್ದಾಳೆ. ತಾವೋ ಅಷ್ಟರಲ್ಲಿ ಶಿರ್ವದ ಮನೆಯಲ್ಲಿ. ಎದೆಯೊಳಗಿನ ಗಂಟು ತಾನಾಗಿ ಸಡಿಲಿತು. ಹೊರಗಿನಿಂದ ಯಾರೋ ಬಿಚ್ಚಿದಂತೆ ಅವರಿಗೆ ಅನಿಸಿತು, ಯಾರೆಂದು ಕೇಳಲಿಲ್ಲ.

"ಜೇನ್ ಹೆಸರು ಬರೆಯಿರಿ ಫಾದರ್" ಎಂದರು.

"ಮಾಂಯ್, ನಿಮ್ಮ ಸರದಿ..."

"ನನ್ನ ಸರದಿ ಅಂತಲೇ ಹೇಳ್ತಿದ್ದೇನೆ ಅನ್ನೆಟ್. ಸರದಿ ನನ್ನದು ಅಂದಮೇಲೆ ಯಾರಿಗೆ ಕೊಡ್ಬೇಕು ಅಂತ ನಾನೇ ಹೇಳ್ಬೇಕಲ್ಲ? ಮಗುವಿಗೆ ಜ್ವರ ಬಂದ್ರೆ ನೀನು ಎದುರುಬಾಗಿಲು ತಟ್ಟುವವಳು. ಶಿರ್ವದ ಬಾಗಿಲು ತಟ್ಲಿಕ್ಕೆ ಆಗ್ತದಾ ಮಾರಾಯ್ತಿ?"

ಜೇನ್ ಎದ್ದು ಬಂದು ಮಗುವಿನ ಸಮೇತ ಅವರನ್ನು ತಬ್ಬಿಕೊಂಡಳು. ಮಗು ಎಚ್ಚೆತ್ತು ಇಗರ್ಜಿಯೆಲ್ಲ ಕೇಳುವಂತೆ ಅತ್ತಿತು. ದನಿ ಚೆನ್ನಾಗಿದೆ, ಗಾಯನವೃಂದಕ್ಕೆ ಸೇರಿಸೋಣ ಎಂದರು ಪಾದ್ರಿ.

ಜ್ಞಾನಸ್ನಾನದ ಭಾನುವಾರ ಬಾಯಮ್ಮ ರೇಷ್ಮೆ ಸೀರೆಯನ್ನೇ ಉಟ್ಟರು. ಹಿಂದಿನ ಬೆಂಚಿನಲ್ಲಿ ಕೂರಲು ಹೋದವರನ್ನು ಜೇನ್ ತೋಳು ಹಿಡಿದು ತನ್ನ ಪಕ್ಕಕ್ಕೆ ತಂದು ನಿಲ್ಲಿಸಿಕೊಂಡಳು. ಇಲೋಯಿಲೊದಿಂದ ಬಂದ ಬಿಳಿ ಅಂಗಿಯಲ್ಲಿ ಮಗು ನೀರಿಗೆ ಮುಖ ಹಿಂಡಿತೇ ಹೊರತು ಅಳಲಿಲ್ಲ.

ಇಗರ್ಜಿಯ ಹಾಲ್‌ನಲ್ಲಿ ಊಟ. ಒಂದು ಮೇಜಿನ ಮೇಲೆ ಇಡ್ಲಿಯಂಥ ಸಾನ್ನಾ ಮತ್ತು ಹಂದಿಮಾಂಸದ ಸಾರು, ಇನ್ನೊಂದರ ಮೇಲೆ ಜೇನ್‌ಳ ಕಡೆಯವರು ತಂದ ಶಾವಿಗೆಯಂಥ ಪಾನ್ಸಿತ್. ಅವಳ ಜೊತೆ ಕೆಲಸ ಮಾಡುವ ಹೆಂಗಸರೆಲ್ಲ ಬಂದಿದ್ದರು. ಇವರೇ ಮಗುವಿನ ಅಜ್ಜಿ, ನನ್ನ ಮಾರೆ, ಎಂದು ಜೇನ್ ತೋರಿಸಿದ್ದೇ ತಡ, ಅವರು ಸಾಲಾಗಿ ಬಂದರು. ಒಬ್ಬೊಬ್ಬಳೂ ಬಗ್ಗಿ ಬಾಯಮ್ಮನ ಬಲಗೈ ತೆಗೆದು ತನ್ನ ಹಣೆಗೆ ಒತ್ತಿಕೊಂಡಳು. ಹಿರಿಯರ ಆಶೀರ್ವಾದ ಪಡೆಯುವ ಅವರ ಪದ್ಧತಿ ಅದು ಎಂದು ಅನ್ನೆಟ್ ಕಿವಿಯಲ್ಲಿ ಉಸುರಿದಳು.

ಹೇಳಬೇಕಾಗಿರಲಿಲ್ಲ. ಬಾಯಮ್ಮ ಆಗಲೇ ಪ್ರತಿಯೊಬ್ಬಳ ನೆತ್ತಿಯ ಮೇಲೆ ಎಡಗೈಯನ್ನೂ ಇಟ್ಟು, ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ ಎಂದು ಕೊಂಕಣಿಯಲ್ಲಿ ಹರಸುತ್ತಿದ್ದರು. ಸಾಲು ಮುಗಿಯುವ ಲಕ್ಷಣ ಕಾಣಲಿಲ್ಲ. ಹರಸಿಸಿಕೊಂಡ ಕೆಲವರು ಸಲೀಸಾಗಿ ತಿರುಗಿ ಹೋಗಿ ಸಾಲಿನ ಕೊನೆಗೆ ಮತ್ತೆ ನಿಂತಿದ್ದರು.

"ಮಾಂಯ್, ಊಟ ಆರ್ತದೆ" ಎಂದಳು ಅನ್ನೆಟ್.

"ಆರಲಿ. ಇಷ್ಟು ಮಕ್ಕಳನ್ನು ಬಿಟ್ಟು ಹೇಗೆ ಬರ್ಲಿ?" ಎಂದು ಬಾಯಮ್ಮ ಮುಂದಿನ ನೆತ್ತಿಗೆ ಕೈ ನೀಡಿದರು.