ಹಿನ್ನೀರಿನ ತಳದ ಗಾಳಿ

ಕೆಲಸದ ದೋಣಿಗೆ ಹೊರಗಿನವರನ್ನು ಹತ್ತಿಸಿಕೊಳ್ಳುವುದು ನನಗೆ ಸೇರದು. ಆದರೂ ದಡ್ಡಿ ಊರಿನ ದೋಣಿಗಾರ ಮೌಲಾಅಲಿ ತನ್ನ ಅಕ್ಕ ಗುಡುಬಿಯನ್ನೂ ಆಕೆಯ ಸೊಸೆ ಸುಮಯ್ಯಾಳನ್ನೂ ಕರೆತಂದಿದ್ದ. ಗುಡುಬಿಯ ಮಗ ಅಯೂಬ ಬಲೆ ಹಾಕಲು ಹೋಗಿ ಈ ಹಿನ್ನೀರಿನಲ್ಲೇ ಕಾಣೆಯಾಗಿದ್ದ. ಹೆಣ ಸಿಗಲಿಲ್ಲ. ನಾಲ್ಕು ವರ್ಷ ಕಾಯಲಿ ಎಂದಿದ್ದರು ಜಮಾತಿನ ಹಿರಿಯರು, ಸುಮಯ್ಯಾ ಕಾದಳು. ಬರುವ ಶುಕ್ರವಾರ ಕೊಣ್ಣೂರಿನವನ ಜೊತೆ ಅವಳ ನಿಕಾಹ್. ಅದಕ್ಕೂ ಮೊದಲು ನೀರಿಗೆ ಹೂವು ಬಿಟ್ಟು ಮಗನ ಆಸೆ ಬಿಡುತ್ತೇನೆ ಎಂದು ಗುಡುಬಿ ಒಪ್ಪಿದ್ದಳಂತೆ. ಇಬ್ಬರನ್ನೂ ಹತ್ತಿಸಿಕೊಂಡೆ.

ನನ್ನ ಯಂತ್ರ ನೀರಿಗೆ ಸದ್ದು ಬಿಡುತ್ತದೆ. ಮೀನಿಗೆ ತಾಗಿ ಮರಳಿದ ಸದ್ದು ಪರದೆಯ ಮೇಲೆ ಗೆರೆಯಾಗುತ್ತದೆ. ಅದನ್ನು ಹಿಡಿದು, ಇಡೀ ಹಿನ್ನೀರಿನಲ್ಲಿ ಮೀನೆಷ್ಟು ಎಂದು ಅಂದಾಜು ಕಟ್ಟುವುದು ನನ್ನ ಕೆಲಸ.

“ಇದರಾಗ ಮನಷ್ಯಾ ಕಾಣತಾನೇನ್ರಿ?” ಗುಡುಬಿ ಕೇಳಿದಳು.

“ಇಲ್ಲ ಚಾಚಿ. ಒಳಗ ಗಾಳಿ ಇದ್ದದ್ದಷ್ಟ ಚಂದಾಗಿ ಕಾಣತೈತಿ. ಮೀನದ ಹೊಟ್ಯಾಗ ಗಾಳಿ ಚೀಲ ಇರತೈತಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಯೂಬನ ಖಾಲಿ ದೋಣಿ ಸಿಕ್ಕಿದ್ದ ಜಾಗ ಬಂತು. ಮೌಲಾಅಲಿ ಮೋಟಾರು ನಿಲ್ಲಿಸಿದ. ಪರದೆಯಲ್ಲಿ, ತಳದಿಂದ ಆಳೆತ್ತರಕ್ಕೆ, ಒಂದು ಗೆರೆ ನೆಟ್ಟಗೆ ನಿಂತಿತ್ತು. ಒಂದೇ ಒಂದು. ಮೀನಾದರೆ ಅಲುಗಬೇಕಿತ್ತು.

ಗುಡುಬಿಯ ಹೂವು ಮಡಿಲಲ್ಲೇ ಉಳಿಯಿತು. “ಗಾಳಿ ಐತಿ ಅಂದ್ರ ಉಸುರ ಐತಿ. ನನ್ನ ಮಗಾ ಅದಾನ.”

“ಆಪಾ, ಅದು ಮೀನ,” ಎಂದ ಮೌಲಾಅಲಿ.

“ಹಂಗಾದ್ರ ಹಿಡದ ತೋರ್ಸು.”

ಅವನು ಬಲೆ ಬೀಸಿದ. ಮತ್ತೆ ಬೀಸಿದ. ಬರೀ ಕೆಸರು ಬಂತು. ಗೆರೆ ನಿಂತಲ್ಲೇ ನಿಂತಿತ್ತು.  ಕಲಿತ ವಿದ್ಯೆಯೆಲ್ಲ ಆ ಗಳಿಗೆಗೆ ಒದಗಲಿಲ್ಲ.

“ನಿಕಾಹ್ ಬ್ಯಾಡ,” ಎಂದಳು ಗುಡುಬಿ. “ಜೀಂವ ಇದ್ದ ಗಂಡನ್ನ ಬಿಟ್ಟ ಹೊಕ್ಕೀಯೇನ ಸುಮಯ್ಯಾ?”

ಸುಮಯ್ಯಾ ನನ್ನ ಕಡೆ ತಿರುಗಿದಳು. “ನಂದಿನಿಬಾಯಾರ, ಖರೆ ಹೇಳ್ರಿ. ಮೀನ ಅಲ್ಲಾಂದ್ರ ಏನಿದು?”

ತಳದಲ್ಲಿ ಏನಾದರೂ ಕೊಳೆತರೆ ಗಾಳಿಗುಳ್ಳೆ ಸಾಲಾಗಿ ಏಳುತ್ತದೆ. ಅದಕ್ಕೂ ಸದ್ದು ತಾಗಿ ಮರಳುತ್ತದೆ. ಮುಳುಗಿದ ಮರವಿರಬಹುದು, ಎಲೆರಾಶಿ ಇರಬಹುದು. ಹೆತ್ತವಳ ಎದುರು ಕೊಳೆತದ್ದು ಎಂಬ ಮಾತನ್ನು ಹೇಗೆ ಆಡುವುದು? ಆಡದಿದ್ದರೆ ಈ ಹುಡುಗಿಯ ಬಾಳು ಇಲ್ಲೇ ಮುಳುಗುತ್ತದೆ.

“ಕೊಳತದ್ದರ ಗಾಳಿ ಅದು,” ಎಂದೆ. “ಜೀಂವ ಇಲ್ಲ.”

ಗುಡುಬಿ ನನ್ನನ್ನು ಬೈಯಲಿಲ್ಲ. ಬಗ್ಗಿ, ಮೊಣಕೈತನಕ ಕೈಯನ್ನು ನೀರಿಗಿಳಿಸಿದಳು. ಬಲೆ ಕಲಕಿದ ಕೆಸರಿನಿಂದ ಗುಳ್ಳೆಯೊಂದು ಎದ್ದು ಆಕೆಯ ಅಂಗೈಯಲ್ಲಿ ಒಡೆಯಿತು. ಆಕೆ ಕೈಯನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಳು.

“ಹೂವಾ ನೀ ಬಿಡವಾ,” ಎಂದಳು ಸೊಸೆಗೆ. “ನನ್ನ ಕೈ ಒಲ್ಲೆ ಅಂತೈತಿ.”

ಸುಮಯ್ಯಾ ಅಳುತ್ತಲೇ ಹೂವು ಬಿಟ್ಟಳು. ಗುಡುಬಿ ಒದ್ದೆ ಕೈಯನ್ನು ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಂಡಳು. ದಡದಲ್ಲಿ ಆಕೆಯನ್ನು ಇಳಿಸಲು ನಾನು ಕೈ ಚಾಚಿದೆ. ಆಕೆ ಮುಷ್ಟಿ ಬಿಡದೆ ಇನ್ನೊಂದು ಕೈ ಕೊಟ್ಟಳು.