ವಾರ್ತೆಯಲ್ಲಿ ಸಿದ್ದಲಿಂಗಮ್ಮನ ಬಾಯಿ

ಹೆರಿಗೆ ನೋವು ಬಂದ ನಿರ್ಮಲ ಸರ್ಕಾರಿ ಆಸ್ಪತ್ರೆಯ ಬೀಗ ಹಾಕಿದ ಬಾಗಿಲ ಮುಂದೆ ಸತ್ತಳು. ಕೂಸೂ ಉಳಿಯಲಿಲ್ಲ. ಅತ್ತೆ ಸಿದ್ದಲಿಂಗಮ್ಮ ಆಸ್ಪತ್ರೆಗೇ ಕರೆದೊಯ್ಯದೆ ಕೊಂದಳೆಂದು ನಿರ್ಮಲಳ ತಾಯಿ ಕಸ್ತೂರಮ್ಮ ತನ್ನೂರು ನಲ್ಲೂರಿನ ತುಂಬ ಹೇಳಿಕೊಂಡು ಬಂದಳು. ಎರಡೂ ಮನೆಗಳ ನಡುವೆ ಮಾತು ನಿಂತಿತು.

ಮರುವರ್ಷ, ಎಂಬತ್ತೊಂಬತ್ತರಲ್ಲಿ, ಅದೇ ಕಟ್ಟಡಕ್ಕೆ ಸುಣ್ಣ ಹೊಡೆದು ಹೊಸ ಹೆರಿಗೆ ವಾರ್ಡು ಎಂದರು. ಮಂತ್ರಿ ಬಂದು ಟೇಪು ಕತ್ತರಿಸಿದರು. ಟೀವಿಯವರು ಸಿದ್ದಲಿಂಗಮ್ಮನ ಮುಂದೆ ಮೈಕ್ ಹಿಡಿದಾಗ ಅವಳು ಏನನ್ನೂ ಮುಚ್ಚಿಡದೆ ಹೇಳಿದಳು. ಮೈಕ್ ಹಿಡಿದವನು ತಲೆಯಾಡಿಸುತ್ತಲೇ ಇದ್ದ. ಅವಳು ನಲ್ಲೂರಿಗೆ ಹೇಳಿಕಳಿಸಿದಳು: "ಟೀವಿಯಾಗೆ ಹೇಳೀನಿ. ಬಂದು ಕೇಳ್ರಿ. ಸುಳ್ಳಾಗಿದ್ರೆ ಟೀವಿಯಾಗೆ ಹೇಳ್ತಿದ್ನಾ?"

ಕಸ್ತೂರಮ್ಮ ಸವಳಂಗದಲ್ಲಿ ಬಸ್ ಬದಲಿಸಿ ಬಂದಳು. ಅಂಗಡಿ ಷಣ್ಮುಖಪ್ಪನ ಪಡಸಾಲೆಯಲ್ಲಿ ಊರಿನ ಒಂದೇ ಟೀವಿ. ಸೀರಿಯಲ್‌ಗೆ ಬಂದ ಜನ ವಾರ್ತೆ ಮುಗಿಯಲೆಂದು ಕಾಯುತ್ತಿದ್ದರು.

ಮಂತ್ರಿ ಬಂದರು, ಟೇಪು ಬಂತು, ಆಮೇಲೆ ಸಿದ್ದಲಿಂಗಮ್ಮ. ಅವಳ ಕೈ ಆಸ್ಪತ್ರೆಯತ್ತ ಚಾಚಿತ್ತು, ಬಾಯಿ ಆಡುತ್ತಿತ್ತು. ದನಿ ಮಾತ್ರ ವಾರ್ತೆ ಓದುವವಳದು: "ಈ ಸೌಲಭ್ಯಕ್ಕಾಗಿ ಗ್ರಾಮೀಣ ಮಹಿಳೆಯರು ಸರ್ಕಾರಕ್ಕೆ ಕೃತಜ್ಞತೆ ಸಲ್ಲಿಸಿದ್ದಾರೆ."

ಹಿಂದೆಯೇ ಮಕ್ಕಳ ಪೌಡರಿನ ಜಾಹೀರಾತು. ಗುಂಡುಗುಂಡಗಿನ ಕೂಸೊಂದು ಕಿಲಕಿಲ ನಕ್ಕಿತು.

"ಇದನ್ನ ಕೇಳಾಕೆ ಕರೆಸಿದ್ರಾ?" ಕಸ್ತೂರಮ್ಮ ಎದ್ದಳು.

"ಅದು ನನ್ನ ಮಾತಲ್ರೀ."

"ಬಾಯಿ ನಿಮ್ದೇ ಐತಲ್ಲ."

ಬೀಗದ ವಿಷಯ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಪರದೆಯನ್ನೇ ನೋಡುತ್ತ ಸೀರಿಯಲ್‌ಗೆ ಕಾದರು.

ಷಣ್ಮುಖಪ್ಪ ನಕ್ಕ. "ಸರ್ಕಾರದ ಟೀವಿ ಕಣವ್ವ. ತನ್ನ ಬೈದಿದ್ದನ್ನ ತಾನೇ ತೋರಿಸ್ತೈತಾ? ಪೌಡರ್‌ನೋರ ಪುಣ್ಯ, ಸೀರಿಯಲ್ ಆದ್ರೂ ಬರ್ತೈತೆ. ಕುತ್ಕಳ್ರಿ."

ಸಿದ್ದಲಿಂಗಮ್ಮ ಹೋಗಿ ಟೀವಿಯ ದನಿಯ ಗುಂಡಿ ಪೂರ್ತಿ ಹಿಂದಕ್ಕೆ ತಿರುಗಿಸಿದಳು. ದನಿ ಸತ್ತಿತು. ಪರದೆಗೆ ಬೆನ್ನು ಕೊಟ್ಟು ನಿಂತಳು.

"ಅತ್ತ ಸರಿಯಮ್ಮ, ಸೀರಿಯಲ್ ಶುರುವಾತು," ಎಂದು ಯಾರೋ ಕೂಗಿದರು.

"ಬೀಗ ಇತ್ತು," ಎಂದಳು ಅವಳು. "ಕಲ್ಲು ತಗಂಡು ಹೊಡೆದೆ, ಒಡೀಲಿಲ್ಲ. ಡಾಕ್ಟರಿಲ್ಲ, ನರ್ಸಿಲ್ಲ. ನಿಮ್ಮ ಮಗಳು ಮೆಟ್ಲ ಮೇಲೆ ಅವ್ವಾ ಅಂದ್ಲು. ನನ್ನ ಕರೆದ್ಲೋ ನಿಮ್ಮನ್ನ ಕರೆದ್ಲೋ ಗೊತ್ತಿಲ್ಲ."

ಗೊಣಗುತ್ತ ಕೆಲವರು ಹೊರಡಲು ಎದ್ದರು. ಷಣ್ಮುಖಪ್ಪ ಗುಂಡಿಗೆ ಕೈ ಚಾಚಿದ. ಸಿದ್ದಲಿಂಗಮ್ಮ ಆ ಕೈಯನ್ನು ಹೊಡೆದು ಸರಿಸಿದಳು.

ಕಸ್ತೂರಮ್ಮ ಹೊಸ್ತಿಲಿಗೆ ಅಡ್ಡವಾಗಿ ಕೂತಳು.

"ಯಾರೂ ಹೋಗಂಗಿಲ್ಲ," ಎಂದಳು. "ಸಿದ್ದಲಿಂಗಮ್ಮಾರೆ, ಮೊದ್ಲಿಂದ ಹೇಳ್ರಿ."